ಮನೆವಾರ್ತೆ: ಮೂರು ರಿಮೋಟಿನ ಬದಲು ಒಂದು

ಮಗ ಸೊಸೆ ಕೆಲಸಕ್ಕೆ ಹೊರಟ ಮೇಲೆ, ಊರಿನಿಂದ ಪುಣೆಗೆ ಬಂದ ಹಿರಿಯರಿಗೆ ಕನ್ನಡ ಕೇಳಿಸುವುದು ಟೀವಿಯೊಂದರಿಂದಲೇ. ಮೂರು ರಿಮೋಟುಗಳಲ್ಲಿ ಒಂದು ಗುಂಡಿ ತಪ್ಪಿದರೆ ಪರದೆ ಕಪ್ಪು. ಸಂಜೆಯವರೆಗೆ ಮನೆಯೆಲ್ಲ ಮೌನ.

ಹೊಸದನ್ನು ಕೊಳ್ಳುವ ಮೊದಲು ಡಿಟಿಎಚ್ ರಿಮೋಟನ್ನೇ ನೋಡಿರಿ. ಕೆಲವು ಟೀವಿಯ ಸದ್ದನ್ನೂ ಹಿಡಿತಕ್ಕೆ ತಂದುಕೊಳ್ಳುತ್ತವೆ. ಆಗದಿದ್ದರೆ ಹಳೆಯವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ನಡೆಯಿರಿ. ‘ಎಲ್ಲಕ್ಕೂ ನಡೆಯುತ್ತದೆ’ ಎಂಬ ಮಾತನ್ನು ನೆಚ್ಚದೆ, ದೊಡ್ಡ ಗುಂಡಿಗಳ ‘ಲರ್ನಿಂಗ್’ ರಿಮೋಟು ಕೇಳಿರಿ. ಹಳೆಯದನ್ನು ಅದರ ಮೂತಿಗೆ ಮೂತಿ ಹಿಡಿದು ಒತ್ತಿದರೆ ಅದು ಸಂಜ್ಞೆಯನ್ನು ಕಲಿತುಕೊಳ್ಳುತ್ತದೆ. ಆದರೆ ಕಲಿಯುವುದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಸಂಜ್ಞೆಯನ್ನು ಮಾತ್ರ. ಫೈರ್ ಸ್ಟಿಕ್ಕಿನಂಥ ಬ್ಲೂಟೂತ್ ರಿಮೋಟಿನ ಮುಂದೆ ಅದರ ಆಟ ನಡೆಯದು. ಫೋನಿನ ಮುಂದಿನ ಕ್ಯಾಮೆರಾಕ್ಕೆ ರಿಮೋಟು ತೋರಿಸಿ ಗುಂಡಿ ಒತ್ತಿರಿ: ಸಾಮಾನ್ಯವಾಗಿ ತುದಿಯಲ್ಲಿ ಬೆಳಕು ಮಿನುಗಿದರೆ ಇನ್ಫ್ರಾರೆಡ್ ಎಂದು ತಿಳಿಯಿರಿ.

ಕಲಿಸುವಾಗ ‘ಇನ್‌ಪುಟ್’ ಗುಂಡಿಯನ್ನು ಮಾತ್ರ ಕಲಿಸಬೇಡಿರಿ. ಪರದೆ ಕಪ್ಪಾಗುವುದು ಹೆಚ್ಚಾಗಿ ಅದನ್ನೊತ್ತಿಯೇ. ಹಳೆಯ ರಿಮೋಟುಗಳನ್ನು ಕಪಾಟಿನಲ್ಲಿಡಿರಿ, ಎಸೆಯಬೇಡಿರಿ. ಹೊಸದು ಕಲಿತದ್ದನ್ನು ಮರೆತರೆ ಮತ್ತೆ ಕಲಿಸಲು ಅವೇ ಬೇಕು.