ನಾಸ್ತಿಕರ ಆಸ್ತಿಗೆ ಯಾವ ಧರ್ಮದ ಕಾನೂನು?

ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ಮೂರನೇ ಅನುಸೂಚಿ ದೇವರ ಹೆಸರೆತ್ತದೆಯೂ ಪ್ರಮಾಣವಚನ ಸ್ವೀಕರಿಸಲು ಬಿಟ್ಟಿದೆ, ಆದ್ದರಿಂದ ಭಾರತದಲ್ಲಿ ನಾಸ್ತಿಕರಿಗೆ ಯಾವ ತೊಡಕೂ ಇಲ್ಲವೆಂದು ವಾದಿಸುವವರಿದ್ದಾರೆ. ಇದು ಅರ್ಧಸತ್ಯ. ದೇವರನ್ನು ಬಿಟ್ಟು ಪ್ರಮಾಣ ಮಾಡಿದ ಶಾಸಕನೂ ಉಯಿಲು ಬರೆಯದೆ ಸತ್ತರೆ, ಅವನ ಹೊಲ ಮನೆಗಳು ಹುಟ್ಟಿನ ಧರ್ಮದ ವೈಯಕ್ತಿಕ ಕಾನೂನಿನಂತೆ, ಅಂದರೆ ಮದುವೆ, ದತ್ತು, ಉತ್ತರಾಧಿಕಾರಗಳನ್ನು ಧರ್ಮವಾರು ನಿರ್ಧರಿಸುವ ಕಾನೂನಿನಂತೆಯೇ ಪಾಲಾಗುತ್ತವೆ.

ಇಸ್ಲಾಮನ್ನು ತೊರೆದ ಕೇರಳದ ಮಹಿಳೆಯೊಬ್ಬರು ತಮ್ಮಂಥವರಿಗೆ ಷರಿಯತ್ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗಲೆಂದು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ನೋಟಿಸ್ ಹೊರಡಿಸಿದಾಗ ಈ ಪ್ರಶ್ನೆ ಬೀದಿಗೆ ಬಂತು. ಮುಸ್ಲಿಂ ಕಾನೂನಿನಲ್ಲಿ ಮಗಳ ಪಾಲು ಮಗನದರ ಅರ್ಧ. ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಆಸ್ತಿಗೆ ಉಯಿಲು ನಡೆಯದು. ತಂದೆ ತಾನೂ ನಂಬಿಕೆ ಬಿಟ್ಟವನಾಗಿದ್ದು, ಎಲ್ಲವೂ ಮಗಳಿಗೇ ಸೇರಲೆಂದು ಬಯಸಿದರೂ ಅವನ ಉಯಿಲು ಆ ಮಿತಿಯನ್ನು ದಾಟಲಾರದು. ಬದುಕಿರುವಾಗಲೇ ದಾನ ಮಾಡಬಹುದಲ್ಲ ಎನ್ನುವವರು, ಮುಪ್ಪಿನಲ್ಲಿ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟವನ ಪಾಡೇನೆಂದು ಕೇಳಿಕೊಳ್ಳುವುದಿಲ್ಲ.

ಇದನ್ನು ಒಂದು ಸಮುದಾಯದ ಹಿಂದುಳಿದಿರುವಿಕೆಯೆಂದು ಬಿಂಬಿಸಿ ಚಪ್ಪಾಳೆ ತಟ್ಟುತ್ತಿರುವವರು ತಮ್ಮ ಅಂಗಳವನ್ನೂ ನೋಡಿಕೊಳ್ಳುವುದು ಒಳಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಿಂದೂ ತಂದೆತಾಯಿಯ ಮಕ್ಕಳನ್ನು ಹಿಂದೂಗಳೆಂದೇ ಪರಿಗಣಿಸುತ್ತದೆ. ಪುರೋಹಿತರಿಲ್ಲದೆ, ಉಪನೋಂದಣಿ ಕಚೇರಿಯ ಫಲಕದಲ್ಲಿ ಮೂವತ್ತು ದಿನ ನೋಟಿಸ್ ಅಂಟಿಸಿ, ಆಕ್ಷೇಪಣೆಗೆ ಕಾದು, 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೂ ಬಿಡುಗಡೆಯಿಲ್ಲ. ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರೆನಿಸಿಕೊಂಡರೆ, 1976ರಲ್ಲಿ ಸೇರಿಸಿದ 21ಎ ಕಲಮು ಅವರನ್ನು ಮರಳಿ ಧಾರ್ಮಿಕ ಉತ್ತರಾಧಿಕಾರದೊಳಕ್ಕೇ ತಂದು ನಿಲ್ಲಿಸುತ್ತದೆ.

ದೇವರನ್ನು ನಿರಾಕರಿಸಿದ ಪ್ರಾಚೀನ ಚಾರ್ವಾಕರನ್ನೂ ಸಹಿಸಿದ ನಾಡಿದು ಎಂಬ ಹೆಮ್ಮೆಯ ಮಾತು ಇಂಥಲ್ಲಿ ತಪ್ಪದೆ ಬರುತ್ತದೆ. ಆದರೆ ಚಾರ್ವಾಕರ ಗ್ರಂಥಗಳು ಉಳಿದಿಲ್ಲ. ವಿಜಯನಗರ ಕಾಲದ ಮಾಧವನ ‘ಸರ್ವದರ್ಶನ ಸಂಗ್ರಹ’ದಂಥ ಕೃತಿಗಳಲ್ಲಿ, ಅವರನ್ನು ಒಪ್ಪದವರು ಉದ್ಧರಿಸಿದಷ್ಟೇ ಅವರ ಮಾತು ಇಂದಿಗೆ ದೊರೆಯುವುದು.

ಏಕರೂಪ ನಾಗರಿಕ ಸಂಹಿತೆ ಬಂದರೆ ಎಲ್ಲವೂ ಸರಿಹೋದೀತೆಂಬುದೂ ಆತುರದ ಮಾತು. ಎಲ್ಲರ ಮೇಲೂ ಒಂದೇ ಕಾನೂನು ಹೇರುವುದು ಬೇರೆ, ಬೇಡವೆಂದವರಿಗೆ ಹೊರಬಾಗಿಲು ತೆರೆಯುವುದು ಬೇರೆ. 21ಎ ಕಲಮನ್ನು ರದ್ದುಮಾಡಿ, ಯಾವ ಧರ್ಮದಲ್ಲಿ ಹುಟ್ಟಿದವರೇ ಆಗಲಿ ಲಿಖಿತ ಘೋಷಣೆಯ ಮೂಲಕ 1925ರ ಕಾಯ್ದೆಯನ್ನು ಆರಿಸಿಕೊಳ್ಳಲು ಸಂಸತ್ತು ಅವಕಾಶ ಕೊಟ್ಟರೆ ಸದ್ಯಕ್ಕೆ ಸಾಕು. ಹಾಗೆ ಹೊರಬರುವ ಹಿಂದೂ ಮೂಲದವರು ಅವಿಭಕ್ತ ಕುಟುಂಬದ ಹೆಸರಿನಲ್ಲಿ ಸಿಗುವ ಆದಾಯ ತೆರಿಗೆಯ ಅನುಕೂಲವನ್ನೂ ಬಿಡಬೇಕಾದೀತು. ವೇದಿಕೆಯ ಮೇಲೆ ದೇವರನ್ನು ನಿರಾಕರಿಸುವವರಲ್ಲಿ ಎಷ್ಟು ಮಂದಿ ಆ ಘೋಷಣೆಗೆ ಸಹಿ ಹಾಕುತ್ತಾರೆಂಬುದೂ ಆಗ ಗೊತ್ತಾಗುತ್ತದೆ.