ಕಾವ್ಯವೂ ಚಿತ್ರವೂ

ತಂದೆಮಕ್ಕಳಿಬ್ಬರ ಪಾತ್ರವನ್ನೂ ರಾಜಕುಮಾರರೇ ಧರಿಸಿದ್ದ ‘ಬಭ್ರುವಾಹನ’ ಚಿತ್ರವು ೧೯೭೭ರಲ್ಲಿ ಬಂದಾಗ, ಹಲಸೂರಿನ ನಮ್ಮ ಮನೆಯವರೆಲ್ಲರೂ ನೋಡಲು ಹೋದೆವು. ನಾನಾಗ ಹನ್ನೆರಡರ ಬಾಲಕ, ನಾಗಲೋಕಕ್ಕೆ ಬೆರಗಾದೆನು. ಲಕ್ಷ್ಮೀಶನ ಜೈಮಿನಿಭಾರತವನ್ನು ನಿತ್ಯವೂ ಓದುತ್ತಿದ್ದ ತೀರ್ಥರೂಪರು, ‘ಇದು ಕಾವ್ಯದಲ್ಲಿಲ್ಲ, ಅದೂ ಇಲ್ಲ’ ಎಂದು ಗೊಣಗುತ್ತಲೇ ಇದ್ದರು. ಅಕ್ಷರವರಿಯದ ನಮ್ಮಜ್ಜಿಯಾದರೋ, ಶರಣು ಬಂದ ಮಗನನ್ನು ಅರ್ಜುನನು ಹಳಿದೊಡನೆ ಸೆರಗಿನಿಂದ ಕಣ್ಣೊರಸಿಕೊಂಡರು. ಮನೆಗೆ ಬಂದ ಮೇಲೆ, ‘ನಿನ್ನ ಪುಸ್ತಕದಲ್ಲಿ ಮಗನನ್ನು ಹಳಿಯುವುದಿಲ್ಲವೇನಪ್ಪಾ?’ ಎಂದು ಕೇಳಿದರು.

‘ಅಲ್ಲಿಯೂ ಹಳಿಯುತ್ತಾನಮ್ಮಾ’ ಎಂದ ತಂದೆಯವರಿಗೆ ಮುಂದೆ ಮಾತು ಹೊರಡಲಿಲ್ಲ. ಮುನಿಸಿಕೊಂಡು ಮನೆ ಬಿಟ್ಟಿದ್ದ ನಮ್ಮಣ್ಣನಿಗೆ ಆ ರಾತ್ರಿಯೇ ಕಾಗದ ಬರೆದರು.

ವಾಚಕಮಹಾಶಯರೇ, ಚಿತ್ರವನ್ನು ಗ್ರಂಥದೊಡನೆ ಅಳೆಯುವುದು ತಪ್ಪಲ್ಲ. ತನ್ನನ್ನೂ ಅವೆರಡರೊಡನೆ ಅಳೆದುಕೊಳ್ಳಬೇಕು.