ಮೂರು ವರ್ಷದ ಊರು

ಸರಕಾರಿ ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ದುಡಿಯುವವರ ಸಂಸಾರಗಳಿಗೆ ಊರೆಂಬುದು ಬಾಡಿಗೆಯ ಮನೆಯಂತೆ. ವರ್ಗದ ಆಜ್ಞೆ ಬರುತ್ತದೆ. ಪಾತ್ರೆಪಗಡ ಲಾರಿಗೆ ಏರುತ್ತದೆ. ಮಕ್ಕಳ ಹೆಸರು ಮತ್ತೊಂದು ಶಾಲೆಯ ಹಾಜರಿ ಪುಸ್ತಕವನ್ನು ಸೇರುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಲಾರಿ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ. ನಡುವಿನ ಆ ಮೂರು ವರ್ಷ ಎಲ್ಲಿದ್ದಿರೆಂದು ಕೇಳಿದರೆ ಅನೇಕರು ಊರಿನ ಹೆಸರನ್ನು ಹೇಳಬಲ್ಲರೇ ಹೊರತು ಊರಿನವರೊಬ್ಬರ ಹೆಸರನ್ನು ಹೇಳಲಾರರು.

ತಿಪಟೂರಿಗೆ ವರ್ಗವಾಗಿ ಬಂದವರಿಗೆ ಈ ಅಪಾಯ ತುಸು ಹೆಚ್ಚು. ರೈಲು ಹತ್ತಿದರೆ ಬೆಂಗಳೂರು ಕೆಲವೇ ಗಂಟೆಗಳ ಪಯಣ. ವಾರದ ಕೊನೆಗೆ ಹೊರಟು ಸೋಮವಾರಕ್ಕೆ ಮರಳುವವರಿಗೆ ತಿಪಟೂರು ಒಂದು ತಂಗುದಾಣ ಮಾತ್ರ. ಯಜಮಾನರಿಗಾದರೂ ಕಚೇರಿಯಲ್ಲಿ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ಮನೆಯಾಕೆಗೆ ಸಿಗುವುದು ನಾಲ್ಕು ಗೋಡೆ. ಮಗುವಿಗೆ ನಡುರಾತ್ರಿ ಜ್ವರವೇರಿದಾಗ ಯಾರ ಬಾಗಿಲು ತಟ್ಟಬೇಕೆಂಬ ಪ್ರಶ್ನೆಗೆ ಆಗ ಉತ್ತರವಿರುವುದಿಲ್ಲ. ಕೈಯಲ್ಲಿರುವ ಫೋನಿನಲ್ಲಿ ನೂರು ಹೆಸರುಗಳಿವೆ, ನಿಜ. ಆದರೆ ಆ ನೂರು ಮಂದಿಯೂ ಬೇರೆ ಊರಿನವರು!

ಇದಕ್ಕೆ ಮದ್ದು ಕಷ್ಟದ್ದಲ್ಲ. ತಿಂಗಳಿಗೆ ಎರಡು ಭಾನುವಾರಗಳನ್ನು ಇದ್ದ ಊರಿಗೇ ಕೊಟ್ಟರಾಯಿತು. ಸುತ್ತಾಡಲು ಸ್ಥಳಗಳಿಗೇನು ಕೊರತೆಯೇ? ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದರ ಒಳಛಾವಣಿಯಲ್ಲಿ ನಟರಾಜನು ನರ್ತಿಸುತ್ತಿದ್ದರೆ ಅಷ್ಟದಿಕ್ಪಾಲಕರು ಸುತ್ತಲೂ ಸಭೆ ಕಟ್ಟಿದ್ದಾರೆ. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವನೂ ಇದ್ದಾನೆ. ನೊಣವಿನಕೆರೆಯ ಬಳಿಯ ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹನ ಗುಡಿಯನ್ನು 1286ರಲ್ಲಿ ಕಟ್ಟಿಸಿದವರು ಅಪ್ಪಯ್ಯ, ಗೋಪಾಲ, ಮಾಧವರೆಂಬ ಮೂವರು ಸೋದರ ದಂಡನಾಯಕರು. ತುರುವೇಕೆರೆಯ ಗಂಗಾಧರೇಶ್ವರನ ಎದುರಿಗಿರುವ ಕರಿಗಲ್ಲಿನ ನಂದಿಯ ಹೊಳಪನ್ನು ಕಂಡ ಮಕ್ಕಳು ಮುಟ್ಟಿ ನೋಡದೆ ಬಿಡುವುದಿಲ್ಲ. ಅಲ್ಲಿಯ ಮೂಲೆ ಶಂಕರೇಶ್ವರನಿಗೆ ಹೆಸರಿನಲ್ಲಷ್ಟೇ ಮೂಲೆ. ಹೊಯ್ಸಳ ಶಿಲ್ಪದಲ್ಲಿ ಅವನ ಸ್ಥಾನ ಮೂಲೆಯದಲ್ಲ. ಇನ್ನು ಚಿಕ್ಕನಾಯಕನಹಳ್ಳಿಯ ಕಡೆಗೆ ತಿರುಗಿದರೆ ಬಯಲು ಮುಗಿದು ಬೆಟ್ಟಸಾಲು ಎದುರಾಗುತ್ತದೆ. ಮದಲಿಂಗನ ಕಣಿವೆ ಇರುವುದು ಆ ಕಡೆಯೇ.

ಇಂಥ ಹಳ್ಳಿಯ ಗುಡಿಗಳಿಗೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿರುವುದುಂಟು. ಪಟ್ಟಣದವರು ಅದನ್ನು ಕಂಡು ಮುಖ ಸಿಂಡರಿಸುತ್ತಾರೆ. ಆದರೆ ಆ ಬೀಗವೇ ಸ್ನೇಹದ ಹೆಬ್ಬಾಗಿಲು. ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸಬೇಕು. ಅರ್ಚಕರ ಮನೆಯನ್ನು ಹುಡುಕಬೇಕು. ಅವರು ತೋಟದಿಂದ ಬರುವವರೆಗೆ ಜಗಲಿಯ ಮೇಲೆ ಕೂರಬೇಕು. ಆ ಅರ್ಧ ಗಂಟೆಯಲ್ಲಿ ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಂಬ ವಿಚಾರಣೆಗಳೆಲ್ಲ ಮುಗಿದು, ಮನೆಯೊಳಗಿನಿಂದ ಮಜ್ಜಿಗೆಯೂ ಬಂದಿರುತ್ತದೆ. ಬಾಗಿಲು ತೆರೆದೇ ಇದ್ದ ಗುಡಿಯಲ್ಲಿ ಶಿಲ್ಪದ ಪರಿಚಯವಾಗುತ್ತದೆ. ಬೀಗ ಹಾಕಿದ ಗುಡಿಯಲ್ಲಿ ಊರಿನ ಪರಿಚಯವೂ ಆಗುತ್ತದೆ.

ಹೊರಡುವಾಗ ತಾವಷ್ಟೇ ಹೊರಡದೆ ನೆರೆಮನೆಯವರನ್ನೂ ಕರೆಯುವುದು ಒಳ್ಳೆಯದು. “ನಾವು ಹುಟ್ಟಿದಾಗಿನಿಂದ ಇಲ್ಲೇ ಇದ್ದೇವೆ, ಅರಳಗುಪ್ಪೆಯನ್ನು ಮಾತ್ರ ನೋಡಲಿಲ್ಲ ನೋಡಿ” ಎಂದು ನಗುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಹೊಸಬರ ಕುತೂಹಲ, ಹಳಬರ ದಾರಿಯರಿವು ಎರಡೂ ಸೇರಿದರೆ ಬುತ್ತಿಯ ರುಚಿಯೇ ಬೇರೆ.

ಆದರೆ ಈ ಸೀಮೆಯನ್ನು ನಿಜವಾಗಿ ಅರಿಯಬೇಕಾದರೆ ಗುಡಿಯಿಂದ ತೋಟಕ್ಕೆ ಬರಬೇಕು. ಕಲ್ಪತರು ನಾಡೆಂಬ ಹೆಸರು ಬಂದುದು ತೆಂಗಿನಿಂದ. ಇಲ್ಲಿಯವರು ಬಲಿತ ಕಾಯಿಯನ್ನು ಕೂಡಲೇ ಒಡೆದು ಮಾರುವುದಿಲ್ಲ. ಅದನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಗುಂಡಗೆ ನಿಲ್ಲುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಗಿಟುಕು ಉರುಳುವ ಸದ್ದಾಗುತ್ತದೆ. ಆ ಮೇಲೆಯೇ ಮಟ್ಟೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುವುದು. ತಿಪಟೂರಿನ ಮಾರುಕಟ್ಟೆಯಿಂದ ಅದು ಉತ್ತರ ಭಾರತದವರೆಗೂ ಹೋಗುತ್ತದೆ. ಅಟ್ಟದ ಮೇಲಿರುವುದು ರೈತನ ಒಂದು ವರ್ಷದ ತಾಳ್ಮೆ. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ ಎಲ್ಲವೂ ಅದನ್ನೇ ನೆಚ್ಚಿರುತ್ತವೆ.

ಆ ತಾಳ್ಮೆಗೆ ತಕ್ಕ ಬೆಲೆ ಸಿಗುವ ಭರವಸೆಯಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಕೊಬ್ಬರಿಯ ಬೆಲೆ ಬೆಂಬಲ ಬೆಲೆಯ ಇಮ್ಮಡಿಯನ್ನೂ ಮೀರಿತು. ಆದರೆ ಇಳುವರಿ ತಗ್ಗಿದ್ದವರ ಅಟ್ಟದಲ್ಲಿ ಮಾರಲು ಕಾಯಿಯೇ ಹೆಚ್ಚಿರಲಿಲ್ಲ. ಮಳೆ ಕೈಕೊಟ್ಟರೆ ಹರಳು ಉದುರುತ್ತದೆ. ಕಪ್ಪುತಲೆ ಹುಳು ಬಿದ್ದರೆ ಗರಿ ಒಣಗುತ್ತದೆ. ಇಷ್ಟನ್ನು ತಿಳಿದ ಹೊಸಬನಿಗೆ ಪಕ್ಕದ ಮನೆಯವರ ಮುಖ ಏಕೆ ಬಾಡಿದೆಯೆಂದು ಕೇಳದೆಯೇ ಅರ್ಥವಾಗುತ್ತದೆ. ತಿಳಿಯದವನು “ಕಾಯಿಗೆ ಬೆಲೆ ಇಳಿದದ್ದು ಒಳ್ಳೆಯದೇ ಆಯಿತು” ಎಂದು ಅವರೆದುರಿನಲ್ಲಿಯೇ ಹೇಳಿ, ಬೆಳೆಯಬೇಕಾಗಿದ್ದ ಸ್ನೇಹವನ್ನು ಮೊಳಕೆಯಲ್ಲಿಯೇ ಚಿವುಟುತ್ತಾನೆ.

ತೋಟಕ್ಕೆ ಕಾಲಿಡುವ ಮುನ್ನ ಕೆಲವು ಮರ್ಯಾದೆಗಳನ್ನು ಮಕ್ಕಳಿಗೆ ಹೇಳಿಕೊಡಬೇಕು. ಬಿದ್ದ ಕಾಯಿಯೂ ಒಬ್ಬರದೇ. ಕೇಳದೆ ಬೇಲಿ ದಾಟಬಾರದು. ಗೊನೆಯ ಕೆಳಗೆ ನಿಲ್ಲಬಾರದು. ಕೆರೆಕಟ್ಟೆಗಳಲ್ಲಿಯೂ ಹೇಮಾವತಿಯ ನಾಲೆಯಲ್ಲಿಯೂ ನೀರಿಗಿಳಿಯುವ ಹುಡುಗಾಟ ಬೇಡವೇ ಬೇಡ. “ಬನ್ನಿ ಸ್ವಾಮಿ, ಒಂದು ಎಳನೀರು ಕುಡಿದು ಹೋಗಿ” ಎಂದು ತೋಟದವರು ಕರೆದರೆ ಸಂಕೋಚಪಡಬೇಕಾಗಿಲ್ಲ. ಜೇಬಿಗೆ ಕೈಹಾಕಿ ಬೆಲೆ ಕೇಳಿ ಅವರನ್ನು ನೋಯಿಸಲೂಬಾರದು. ಆದರೆ ಆ ಎಳನೀರಿನ ಋಣ ನೆನಪಿರಲಿ. ಅವರ ಮನೆಯವರು ಪಟ್ಟಣಕ್ಕೆ ಬಂದಾಗ ಊಟಕ್ಕೆ ಕರೆಯಬೇಕು. ಅವರ ಮಗಳು ಕಾಲೇಜಿಗೆ ಸೇರುವ ಅರ್ಜಿಯನ್ನು ಹಿಡಿದು ಬಂದಾಗ ಕುಳಿತು ತುಂಬಿಕೊಡಬೇಕು. ಹೋಗಿ ಬರುವುದು ಎರಡೂ ಕಡೆಯಿಂದ ನಡೆದರೇ ಅದು ಸ್ನೇಹ. ಒಂದೇ ಕಡೆಯಿಂದ ನಡೆದರೆ ಬರಿಯ ವಿಹಾರ.

ಮೊದಲ ಭೇಟಿಯಲ್ಲಿಯೇ ಈ ಸೀಮೆಯವರು ಮನಸ್ಸನ್ನು ಬಿಚ್ಚಿಡಲಿಲ್ಲವೆಂದು ಬೇಸರಪಡುವವರೂ ಇದ್ದಾರೆ. ತಿಪಟೂರಿನ ಎತ್ತರದ ತಳಿಯ ಸಸಿ ನೆಟ್ಟರೆ ಫಲಕ್ಕೆ ಆರೇಳು ವರ್ಷ ಕಾಯಬೇಕು. ಅಷ್ಟು ಕಾದು ಬದುಕುವವರ ಕಣ್ಣಿಗೆ ಮೂರು ವರ್ಷಕ್ಕೆ ಹೊರಡುವವನು ನೆರಳಿಗೆ ನಿಂತ ದಾರಿಹೋಕನಂತೆ ಕಂಡರೆ ಆಶ್ಚರ್ಯವೇನು? ಅವನು ದಾರಿಹೋಕನಲ್ಲವೆಂಬುದನ್ನು ತೋರಿಸಬೇಕಾದವನು ಅವನೇ. ಅದಕ್ಕೆ ಹೆಚ್ಚು ಭಾನುವಾರಗಳು ಬೇಕಾಗಿಲ್ಲ. ಆದರೆ ಮೊದಲನೆಯ ವರ್ಷದ ಭಾನುವಾರಗಳೇ ಬೇಕು. ಮೂರನೆಯ ವರ್ಷ, ವರ್ಗದ ಆಜ್ಞೆ ಕೈಗೆ ಬಂದ ಮೇಲೆ, ಅರಳಗುಪ್ಪೆಯನ್ನು ನೋಡಲು ಅವಸರದಲ್ಲಿ ಹೊರಟರೆ ನಟರಾಜನ ದರ್ಶನವಂತೂ ಆದೀತು. ಲಾರಿ ಹೊರಡುವ ದಿನ ಬೀದಿಯ ತುದಿಯವರೆಗೆ ಬಂದು ಬೀಳ್ಕೊಡುವವರು ಮಾತ್ರ ಇರಲಾರರು.